ವೀಸಾ ಫೀಸಿನ ದುಡ್ಡು ಯಾರ ಶಾಲೆಗೆ ಹೋಯ್ತು? ತ್ರಿಪ್ಲಿಕೇನ್‌ನಿಂದ ಒಂದು ಲೆಕ್ಕ

ವಿಡಿಯೋ ನೋಡೋಷ್ಟು ಪುರುಸೊತ್ತು ಇಲ್ಲದವರಿಗೆ, ಕೇಳೋದಕ್ಕಿಂತ ಓದೋದೇ ವಾಸಿ ಅನ್ನೋರಿಗೆ ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಆತುರದಲ್ಲಿ ದಾಟಿಸಿದ ಕೆಲವು ಇಸವಿ, ಅಂಕಿಗಳನ್ನೂ ಇಲ್ಲಿ ಸೇರಿಸಿದ್ದೀನಿ.

ಇವತ್ತಿನ ಪ್ರಶ್ನೆ ಸಣ್ಣದು. ನಿಮ್ಮ ಎಚ್-1ಬಿ ಅರ್ಜಿ ಹಾಕುವಾಗ ಕಂಪನಿ ಅಮೆರಿಕ ಸರ್ಕಾರಕ್ಕೆ ಕಟ್ಟೋ ಹಲವು ಫೀಸುಗಳಲ್ಲಿ ಒಂದು 1,500 ಡಾಲರ್. 25 ಅಥವಾ ಅದಕ್ಕಿಂತ ಕಡಿಮೆ ಜನ ಇರೋ ಸಣ್ಣ ಕಂಪನಿ ಆದ್ರೆ 750. ಈ ದುಡ್ಡು ಎಲ್ಲಿಗೆ ಹೋಗುತ್ತೆ ಗೊತ್ತಾ? ಹತ್ತಿಪ್ಪತ್ತು ವರ್ಷ ಅಲ್ಲಿದ್ದವರನ್ನ ಕೇಳಿದ್ರೂ "ಅರ್ಜಿ ನೋಡೋ ಆಫೀಸಿನ ಖರ್ಚಿಗೆ ಇರಬೇಕು" ಅಂತಾರೆ. ಅಲ್ಲ. ಅದರ ಬಹುಪಾಲು ಅಮೆರಿಕದ ಮಕ್ಕಳ ಓದಿಗೆ, ಅಲ್ಲಿನ ಕೆಲಸಗಾರರ ತರಬೇತಿಗೆ ಹೋಗುತ್ತೆ. ಹಾಗಂತ ಕಾನೂನಿನಲ್ಲೇ ಶೇಕಡಾವಾರು ಬರೆದಿಟ್ಟಿದ್ದಾರೆ.

ಅಂದ್ರೆ ಹೊರಗಿನವನು ಒಳಗೆ ಬರೋ ಬಾಗಿಲಿಗೂ ಒಳಗಿನ ಮಗು ಕೂರೋ ಬೆಂಚಿಗೂ ಒಂದು ಗಂಟು ಹಾಕಿದ್ದಾರೆ. ಈ ಗಂಟಿನ ಕಥೆಯನ್ನ ವಾಷಿಂಗ್ಟನ್‌ನಿಂದ ಶುರು ಮಾಡಬಹುದಿತ್ತು. ನಾನು ಚೆನ್ನೈನ ತ್ರಿಪ್ಲಿಕೇನ್‌ನಿಂದ ಶುರು ಮಾಡ್ತೀನಿ. ಹೊರಟವರ ಓದಿಗೆ ದುಡ್ಡು ಕೊಟ್ಟವರು ಯಾರು ಅನ್ನೋ ಪ್ರಶ್ನೆಗೆ ಅಲ್ಲಿ ನೂರು ವರ್ಷಕ್ಕೂ ಹಳೆಯ ಒಂದು ಉತ್ತರ ಇದೆ.

ಯಾಕೆ ತ್ರಿಪ್ಲಿಕೇನ್?

ತಮಿಳಿನಲ್ಲಿ ತಿರುವಲ್ಲಿಕ್ಕೇಣಿ. ಇಂಗ್ಲಿಷರ ಬಾಯಲ್ಲಿ ಅದು ತ್ರಿಪ್ಲಿಕೇನ್ ಆಯ್ತು. ಪಾರ್ಥಸಾರಥಿ ದೇವಸ್ಥಾನ, ವಾಲಾಜಾ ಮಸೀದಿ, ಆ ಕಡೆ ಮರೀನಾ ಬೀಚು, ಮಧ್ಯದಲ್ಲಿ ಕೆಲಸ ಹುಡುಕ್ಕೊಂಡು ಬಂದ ಹುಡುಗರು ಉಳ್ಕೊಳ್ಳೋ 'ಮ್ಯಾನ್ಶನ್'ಗಳು. ಹೆಸರಿಗೆ ಮ್ಯಾನ್ಶನ್, ಒಳಗೆ ಮಂಚ ಹಾಕಿದ್ರೆ ನಿಲ್ಲೋಕೆ ಜಾಗ ಇರಲ್ಲ.

ಕನ್ನಡದ ಐಟಿಯವರಿಗೆ ಈ ಊರು ಹೊಸದೇನಲ್ಲ. ಕರ್ನಾಟಕ ಬರೋದು ಚೆನ್ನೈನ ಅಮೆರಿಕನ್ ಕಾನ್ಸುಲೇಟ್ ವ್ಯಾಪ್ತಿಗೆ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಅಂತ ಆಗಿದ್ದೇ 2025ರ ಜನವರಿಯಲ್ಲಿ, ಅದೂ ಆ ದಿನವೇ ವೀಸಾ ಕೆಲಸ ಶುರುವಾಗಲಿಲ್ಲ. ಅಲ್ಲೀವರೆಗೆ ದೇಶದ ಐಟಿ ರಾಜಧಾನಿ ಅನ್ನಿಸಿಕೊಂಡ ಊರಿನವರು ಸ್ಟ್ಯಾಂಪಿಂಗ್‌ಗೆ ರಾತ್ರಿ ರೈಲು ಹತ್ತಿ ಚೆನ್ನೈಗೆ ಹೋಗ್ತಿದ್ರು. ನಾನೂ ಹಾಗೇ ಹೋದವನು. ಸೆಂಟ್ರಲ್‌ನಲ್ಲಿ ಇಳಿದು, ತ್ರಿಪ್ಲಿಕೇನ್‌ನ ಒಂದು ಲಾಡ್ಜ್‌ನಲ್ಲಿ ಸ್ನಾನ ಮುಗಿಸಿ, ರತ್ನಾ ಕೆಫೆಯಲ್ಲಿ ಸಾಂಬಾರಿನಲ್ಲಿ ಮುಳುಗಿದ ಇಡ್ಲಿ ತಿಂದು, ಫೈಲು ಎದೆಗವಚಿಕೊಂಡು ಜೆಮಿನಿ ಸರ್ಕಲ್‌ಗೆ ಆಟೋ ಹಿಡಿದಿದ್ದೆ. ಆಗ ತಲೆಯಲ್ಲಿ ಇದ್ದದ್ದು ಒಂದೇ: ಕಿಟಕಿಯ ಆ ಕಡೆ ಇರೋರು ಏನು ಕೇಳ್ತಾರೋ.

ನಮಗಿಂತ ಮುಂಚೆಯೂ ಕನ್ನಡದ ಓದಿದ ಹುಡುಗರು ಈ ಕಡೆಗೆ ತಿರುಗಿ ನೋಡ್ತಾ ಇದ್ರು. ತ್ರಿಪ್ಲಿಕೇನ್‌ಗೆ ಅಂಟಿಕೊಂಡೇ ಇರೋದು ಚೆಪಾಕ್. ಅಲ್ಲಿ ಮದ್ರಾಸ್ ವಿಶ್ವವಿದ್ಯಾಲಯ, ಅದರ ಸೆನೆಟ್ ಹೌಸ್. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟೋವರೆಗೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜು ಎರಡೂ ಸೇರಿದ್ದು ಇದೇ ಮದ್ರಾಸ್ ವಿಶ್ವವಿದ್ಯಾಲಯಕ್ಕೆ. ಕನ್ನಡ ನಾಡಿನ ಹುಡುಗನ ಡಿಗ್ರಿ ಮೇಲಿನ ಮೊಹರು ಸಮುದ್ರದ ದಡದ್ದು.

ಮೊದಲನೇ ಲೆಕ್ಕ: ಮೈಸೂರಿನ ಸ್ಕಾಲರ್‌ಶಿಪ್, ಮುಂಬಯಿಯ ಇಂಜಿನಿಯರ್

1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಮದ್ರಾಸ್ ವಿಶ್ವವಿದ್ಯಾಲಯದ ಬಿ.ಎ. ಮುಗಿಸಿದ ಒಬ್ಬ ಹುಡುಗ. ಚಿಕ್ಕಂದಿನಲ್ಲೇ ತಂದೆ ತೀರಿಹೋಗಿದ್ರು, ಮನೆಪಾಠ ಹೇಳಿ ಓದಿದವನು. ಇಂಜಿನಿಯರಿಂಗ್ ಓದೋಕೆ ಕೈಯಲ್ಲಿ ದುಡ್ಡಿಲ್ಲ. ಮೈಸೂರು ಸರ್ಕಾರ ಸ್ಕಾಲರ್‌ಶಿಪ್ ಕೊಟ್ಟು ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಕಳಿಸ್ತು. ಆತ ಅಲ್ಲಿ ಮುಂದೆ ಬಂದ. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಕರೆದು ಕೆಲಸ ಕೊಟ್ಟಿತು. ಹೆಸರು ಹೇಳಬೇಕಾಗಿಲ್ಲ, ನಿಮಗಾಗಲೇ ಗೊತ್ತಾಗಿದೆ: ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಇದನ್ನ ಇವತ್ತಿನ ಭಾಷೆಯಲ್ಲಿ ಹೇಳಿ ನೋಡಿ. ಓದಿಗೆ ದುಡ್ಡು ಹಾಕಿದ್ದು ಮೈಸೂರು. ಇಪ್ಪತ್ತಮೂರು, ಇಪ್ಪತ್ತನಾಲ್ಕು ವರ್ಷದ ದುಡಿಮೆ ಸಿಕ್ಕಿದ್ದು ಮುಂಬಯಿಗೆ. ಸಕ್ಕರ್‌ನ ನೀರು ಸರಬರಾಜು, ಖಡಕ್‌ವಾಸ್ಲಾದ ಸ್ವಯಂಚಾಲಿತ ಗೇಟು, ಎಲ್ಲಾ ಆ ಕಡೆಯವು. 'ಪ್ರತಿಭಾ ಪಲಾಯನ' ಅನ್ನೋ ಮಾತು ಹುಟ್ಟೋ ಮುಂಚೆಯೇ ಕನ್ನಡ ನಾಡಿನಲ್ಲಿ ಅದು ನಡೆದಿತ್ತು.

ಆದ್ರೆ ಈ ಲೆಕ್ಕ ಅಲ್ಲಿಗೆ ಮುಗೀಲಿಲ್ಲ. 1908ರಲ್ಲಿ ಮುಂಬಯಿ ಕೆಲಸದಿಂದ ನಿವೃತ್ತರಾದ ಅವರು 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರ್ ಆಗಿ ಬಂದ್ರು. 1912ರಿಂದ 1918ರವರೆಗೆ ದಿವಾನರು. 1916ರಲ್ಲಿ ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ತಾನು ಓದೋಕೆ ರಾಜ್ಯ ಬಿಟ್ಟು ಹೋಗಬೇಕಾಯ್ತಲ್ಲ, ಮುಂದಿನವರು ಹೋಗೋ ಹಾಗೆ ಆಗಬಾರದು ಅನ್ನೋ ಕೆಲಸ ಅದು. ಆಮೇಲೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ತಮಗೆ ಬರಬೇಕಿದ್ದ ಹಣವನ್ನ ತಮಗೆ ಬೇಡ, ಕಸುಬು ಕಲಿಸೋ ಶಾಲೆಗೆ ಹಾಕಿ ಅಂದ್ರು. ಹಾಗೆ 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಇವತ್ತಿನ ಎಸ್‌ಜೆಪಿ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಸ್ಕಾಲರ್‌ಶಿಪ್ ತೀರಿಸು ಅಂತ ಯಾವ ಕಾನೂನೂ ಅವರನ್ನ ಕಟ್ಟಿಹಾಕಿರಲಿಲ್ಲ. ವಾಪಸ್ ಬಂದದ್ದು ಮನಸ್ಸಿನಿಂದ. ಎಲ್ಲರ ಮನಸ್ಸೂ ಹಾಗೇ ಇರತ್ತೆ ಅಂತ ನಂಬಿ ಒಂದು ರಾಜ್ಯ ಬಜೆಟ್ ಬರೆಯೋಕೆ ಆಗಲ್ಲ.

ಎರಡನೇ ಲೆಕ್ಕ: ಹನುಮಂತರಾಯನ್ ಕೋಯಿಲ್ ಬೀದಿ, 1913

ಈಗ ತ್ರಿಪ್ಲಿಕೇನ್‌ಗೆ ಬರೋಣ. ಪಾರ್ಥಸಾರಥಿ ದೇವಸ್ಥಾನಕ್ಕೆ ಹತ್ತಿರದ ಹನುಮಂತರಾಯನ್ ಕೋಯಿಲ್ ಬೀದಿಯಲ್ಲಿ 1913ರಲ್ಲಿ ಒಂದು ಸಂಸಾರ ಮನೆ ಮಾಡ್ತು. ಮನೆಯ ಯಜಮಾನನಿಗೆ 25 ವರ್ಷ. ಅದಕ್ಕೆ ಸ್ವಲ್ಪ ಮುಂಚಿನವರೆಗೆ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತ, ತಿಂಗಳಿಗೆ ಸುಮಾರು 30 ರೂಪಾಯಿ. ಕಾಲೇಜಿನಲ್ಲಿ ಎಫ್.ಎ. ಪರೀಕ್ಷೆ ಫೇಲು. ಹೆಸರು ಶ್ರೀನಿವಾಸ ರಾಮಾನುಜನ್.

ಕೇಂಬ್ರಿಜ್‌ನ ಹಾರ್ಡಿಗೆ ಬರೆದ ಪತ್ರದ ಕಥೆ ಎಲ್ಲರಿಗೂ ಗೊತ್ತು. ನಮಗೆ ಬೇಕಾಗಿರೋದು ಸೆನೆಟ್ ಹೌಸ್‌ನ ಕಥೆ. ಈತನಿಗೆ ಸಂಶೋಧನೆಯ ಸ್ಕಾಲರ್‌ಶಿಪ್ ಕೊಡಿ ಅಂತ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಸೇರಿದಂತೆ ಕೆಲವರು ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡಿದ್ರು. ಅಡ್ಡಿ ಏನು? ನಿಯಮ. ಆ ಸ್ಕಾಲರ್‌ಶಿಪ್ ಇರೋದು ಎಂ.ಎ. ಆದವರಿಗೆ. ಈತನ ಹತ್ತಿರ ಯಾವ ಡಿಗ್ರಿಯೂ ಇಲ್ಲ. ಆಗ ಕುಲಪತಿಯಾಗಿದ್ದ ಹೈಕೋರ್ಟ್ ನ್ಯಾಯಮೂರ್ತಿ ಪಿ.ಆರ್. ಸುಂದರ ಅಯ್ಯರ್ ಒಂದು ಮಾತು ಎತ್ತಿದ್ರು: ನಮ್ಮನ್ನ ಹುಟ್ಟಿಸಿದ ಕಾಯ್ದೆಯೇ ಸಂಶೋಧನೆಗೆ ಪ್ರೋತ್ಸಾಹ ಕೊಡೋದು ನಿಮ್ಮ ಕೆಲಸ ಅನ್ನುತ್ತಲ್ಲ? 1904ರ ಭಾರತೀಯ ವಿಶ್ವವಿದ್ಯಾಲಯ ಕಾಯ್ದೆಯಲ್ಲಿ ನಿಜವಾಗಿಯೂ ಆ ಉದ್ದೇಶ ಸೇರಿತ್ತು. ಅದಕ್ಕೆ ಮುಂಚೆ ವಿಶ್ವವಿದ್ಯಾಲಯ ಅಂದ್ರೆ ಹೆಚ್ಚುಕಮ್ಮಿ ಪರೀಕ್ಷೆ ನಡೆಸೋ ಆಫೀಸು ಅಷ್ಟೇ.

ಸರಿ, ಸ್ಕಾಲರ್‌ಶಿಪ್ ಸಿಕ್ತು. ತಿಂಗಳಿಗೆ 75 ರೂಪಾಯಿ, ಎರಡು ವರ್ಷಕ್ಕೆ. ಮೂರು ತಿಂಗಳಿಗೊಂದು ವರದಿ ಕೊಡಬೇಕು, ಅಷ್ಟೇ ಷರತ್ತು. ಕಾಯ್ದೆಯ ಒಂದು ಸಾಲು ಒಬ್ಬ ಗುಮಾಸ್ತನ ಸಂಬಳವನ್ನ ಎರಡೂವರೆ ಪಟ್ಟು ಮಾಡಿ ಅವನನ್ನ ಲೆಡ್ಜರ್‌ನಿಂದ ಬಿಡಿಸ್ತು.

1914ರಲ್ಲಿ ಇಂಗ್ಲೆಂಡಿಗೆ ಹೋಗೋ ಪ್ರಶ್ನೆ ಬಂತು. ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್, ಜೊತೆಗೆ ಹಡಗಿನ ಖರ್ಚು ಅಂತ ತೀರ್ಮಾನ ಮಾಡ್ತು. ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಸರ್ಕಾರ ಒಪ್ಪಿಗೆ ಕೊಡ್ತು. ಮಾರ್ಚ್ 17ಕ್ಕೆ ನೆವಾಸಾ ಅನ್ನೋ ಹಡಗು ಮದ್ರಾಸ್ ಬಿಡ್ತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಈ ಇಡೀ ಕಥೆಯಲ್ಲಿ ವೀಸಾ ಎಲ್ಲಿದೆ? ಇಲ್ಲವೇ ಇಲ್ಲ. ಭಾರತದಿಂದ ಹೊರಡೋರಿಗೆ ಪಾಸ್‌ಪೋರ್ಟ್ ಕಡ್ಡಾಯ ಆಗಿದ್ದು ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ. ಅದಕ್ಕೊಂದು ಕಾಯಂ ಕಾಯ್ದೆ ಬಂದಿದ್ದು 1920ರಲ್ಲಿ. 1914ರ ತ್ರಿಪ್ಲಿಕೇನ್‌ನವನಿಗೆ ದಾಟೋಕೆ ಕಷ್ಟವಾಗಿದ್ದು ಮೂರು: ಜಾತಿಯ ಕಟ್ಟಲೆ, ಅಮ್ಮನ ಒಪ್ಪಿಗೆ, ದುಡ್ಡು. ಇವತ್ತು ಅದೇ ಬೀದಿಯ ಮ್ಯಾನ್ಶನ್‌ನಲ್ಲಿ ಮಲಗಿರೋ ಹುಡುಗನಿಗೆ ಬ್ಯಾಂಕು ಸಾಲ ಕೊಡುತ್ತೆ, ಅಮ್ಮ ಹಾರ ಹಾಕಿ ಕಳಿಸ್ತಾಳೆ. ಅವನಿಗೆ ಬೇಕಾಗಿರೋದು ಕಿಟಕಿಯ ಆ ಕಡೆಯವರ ಒಂದು ಮೊಹರು.

ಬಾಗಿಲು ಮುಚ್ಚಿ, ತೆರೆದು

ಅಮೆರಿಕದ ಬಾಗಿಲು ಮುಚ್ಚಿದ್ದೂ 1917ರಲ್ಲೇ. ಆ ವರ್ಷದ ವಲಸೆ ಕಾಯ್ದೆ ಏಷ್ಯಾದ ದೊಡ್ಡ ಭಾಗಕ್ಕೆ ಗೆರೆ ಎಳೆದು, ಇಲ್ಲಿಂದ ಕೂಲಿಯವರು ಬರಬಾರದು ಅಂತು. ಭಾರತ ಆ ಗೆರೆಯ ಒಳಗೇ ಇತ್ತು. 1946ರಲ್ಲಿ ಬಾಗಿಲು ಒಂಚೂರು ತೆರೀತು: ಇಡೀ ಭಾರತಕ್ಕೆ ವರ್ಷಕ್ಕೆ 100 ಜನ. 1952ರ ಕಾಯ್ದೆಯಲ್ಲಿ ತಾತ್ಕಾಲಿಕ ಕೆಲಸದ 'ಎಚ್' ಅಕ್ಷರ ಹುಟ್ಟಿತು. 1965ರಲ್ಲಿ ದೇಶದ ಲೆಕ್ಕದ ಹಳೆ ಕೋಟಾ ಹೋಗಿ, ಕಸುಬು ಬಲ್ಲವರಿಗೂ ಹತ್ತಿರದ ಸಂಬಂಧಿಕರಿಗೂ ದಾರಿ ಆಯ್ತು. ಅಮೆರಿಕದ ಕನ್ನಡ ಕೂಟಗಳನ್ನ ಕಟ್ಟಿದ ಹಿರಿಯರಲ್ಲಿ ಬಹಳ ಜನ, ಡಾಕ್ಟರು, ಇಂಜಿನಿಯರು, ಮೇಷ್ಟ್ರುಗಳು, ಹೋಗಿದ್ದು ಈ ಬಾಗಿಲಿನಿಂದ. ಜೇಬಿನಲ್ಲಿ ಎಂಟು ಡಾಲರ್ ಇಟ್ಕೊಂಡು ಬಂದ್ವಿ ಅಂತ ಅವರು ಹೇಳೋದು ಕೇಳಿರ್ತೀರಿ. ವಿದೇಶಿ ವಿನಿಮಯದ ಕಟ್ಟುಪಾಡು ಹಾಗಿತ್ತು.

1972ರಲ್ಲಿ ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ ಒಂದು ಸಲಹೆ ಕೊಟ್ರು. ಬಡ ದೇಶ ಓದಿಸಿದ ಡಾಕ್ಟರು, ಇಂಜಿನಿಯರು ಶ್ರೀಮಂತ ದೇಶಕ್ಕೆ ಹೋಗಿ ದುಡಿದ್ರೆ, ಆ ಆದಾಯದ ಮೇಲೆ ಒಂದು ಸಣ್ಣ ತೆರಿಗೆ ಹಾಕಿ ಬಡ ದೇಶಗಳ ಅಭಿವೃದ್ಧಿಗೆ ಕೊಡೋಣ ಅಂತ. ಬಹಳ ಚರ್ಚೆ ಆಯ್ತು, ಪುಸ್ತಕಗಳು ಬಂದವು. ಯಾವ ದೇಶವೂ ಕಾನೂನು ಮಾಡಲಿಲ್ಲ.

ವಿಚಿತ್ರ ಏನಂದ್ರೆ, ಇಪ್ಪತ್ತಾರು ವರ್ಷ ಆದಮೇಲೆ ಹೆಚ್ಚುಕಮ್ಮಿ ಅದೇ ಯೋಚನೆ ಕಾನೂನಾಯ್ತು. ಆದ್ರೆ ದಿಕ್ಕು ತಿರುಗಿಹೋಗಿತ್ತು.

1998: ಬೆಳಗಾವಿ ಮತ್ತು ವಾಷಿಂಗ್ಟನ್

1990ರ ವಲಸೆ ಕಾಯ್ದೆ 'ಎಚ್-1ಬಿ' ಹೆಸರು ಕೊಟ್ಟು ವರ್ಷಕ್ಕೆ 65,000 ಅಂತ ಮಿತಿ ಹಾಕ್ತು. ಮೊದಲ ಕೆಲವು ವರ್ಷ ಅಷ್ಟೂ ಖರ್ಚಾಗ್ತಿರಲಿಲ್ಲ. ಆಮೇಲೆ ವೈ2ಕೆ ಬಂತು. 1998ರ ಲೆಕ್ಕದ ವರ್ಷದಲ್ಲಿ ಮೇ ತಿಂಗಳಿಗೇ 65,000 ಖಾಲಿ.

ಕಂಪನಿಗಳು ಮಿತಿ ಹೆಚ್ಚಿಸಿ ಅಂದ್ವು. ನಮ್ಮ ಜನಕ್ಕೆ ಕಲಿಸೋದು ಬಿಟ್ಟು ಹೊರಗಿನಿಂದ ತರ್ತೀರಾ ಅಂತ ಕಾರ್ಮಿಕರ ಕಡೆಯವರು ಕೇಳಿದ್ರು. ಆ ಪ್ರಶ್ನೆ ಸುಳ್ಳಲ್ಲ. ಕೆಲಸ ಕಳಕೊಂಡ ಅಮೆರಿಕನ್ ಪ್ರೋಗ್ರಾಮರ್‌ನ ಜಾಗದಲ್ಲಿ ನಿಂತು ನೋಡಿದ್ರೆ ಅದರ ಬಿಸಿ ಗೊತ್ತಾಗುತ್ತೆ. ಕೊನೆಗೆ ಒಂದು ರಾಜಿ ಆಯ್ತು. 1998ರ ಅಕ್ಟೋಬರ್ 21ರಂದು ಕ್ಲಿಂಟನ್ ಸಹಿ ಹಾಕಿದ ಕಾಯ್ದೆ, ಅದೇ 'ಅಮೆರಿಕನ್ ಕಾಂಪಿಟಿಟಿವ್‌ನೆಸ್ ಆಂಡ್ ವರ್ಕ್‌ಫೋರ್ಸ್ ಇಂಪ್ರೂವ್‌ಮೆಂಟ್ ಆಕ್ಟ್', ಎರಡು ಕೆಲಸ ಒಟ್ಟಿಗೆ ಮಾಡ್ತು. ವೀಸಾಗಳನ್ನ ಎರಡು ವರ್ಷಕ್ಕೆ 1,15,000ಕ್ಕೆ ಏರಿಸ್ತು. ಪ್ರತಿ ಅರ್ಜಿಗೂ 500 ಡಾಲರ್ ಹೊಸ ಫೀಸು ಹಾಕಿ, ಅದನ್ನ ಅಮೆರಿಕದವರ ಓದು, ತರಬೇತಿಗೇ ಅಂತ ಎತ್ತಿಟ್ಟಿತು. ಜೊತೆಗೆ ಇನ್ನೊಂದು ಮಾತು: ಈ ಫೀಸನ್ನ ಕಂಪನಿಯೇ ಕಟ್ಟಬೇಕು, ಕೆಲಸಗಾರನ ಸಂಬಳದಿಂದ ಹಿಡಿಯೋ ಹಾಗಿಲ್ಲ. ಇದನ್ನ ನೆನಪಿಟ್ಕೊಳ್ಳಿ, ಕೆಲವರಿಗೆ ಈಗಲೂ ಕೆಲಸಕ್ಕೆ ಬರುತ್ತೆ.

2000ದಲ್ಲಿ ಮಿತಿ 1,95,000 ಆಯ್ತು, ಫೀಸು 1,000 ಆಯ್ತು. 2003ರಲ್ಲಿ ಎರಡರ ಅವಧಿಯೂ ಮುಗೀತು. ಮಿತಿ 65,000ಕ್ಕೆ ಇಳೀತು. 2004ರ ಡಿಸೆಂಬರ್‌ನಲ್ಲಿ ಫೀಸು ಮತ್ತೆ ಬಂತು, 1,500 ಆಗಿ. ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಅಂತ ಬೇರೆ 20,000 ಸೇರ್ತು.

ಈ 1,500 ಡಾಲರನ್ನ ಕಾನೂನು ಹೀಗೆ ಹಂಚುತ್ತೆ. ಅರ್ಧ, ಅಂದ್ರೆ 750, ಕಾರ್ಮಿಕ ಇಲಾಖೆಯ ಮೂಲಕ ಕೆಲಸಗಾರರ ತರಬೇತಿಗೆ. ಶೇ. 30, ಅಂದ್ರೆ 450, ನ್ಯಾಷನಲ್ ಸೈನ್ಸ್ ಫೌಂಡೇಶನ್ ಮೂಲಕ ಕಂಪ್ಯೂಟರ್, ಇಂಜಿನಿಯರಿಂಗ್, ಗಣಿತ ಓದೋ ಬಡ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್‌ಗೆ. ಶೇ. 10, ಅಂದ್ರೆ 150, ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಕೆಗೆ. ಉಳಿದ 150 ಎರಡು ಇಲಾಖೆಗಳ ಕಚೇರಿ ಖರ್ಚಿಗೆ. ಸ್ಕಾಲರ್‌ಶಿಪ್ ಮೊದಲು ವರ್ಷಕ್ಕೆ 2,500 ಡಾಲರ್ ಮೀರಬಾರದು ಅಂತಿತ್ತು. 2004ರಲ್ಲಿ ಅದನ್ನ 10,000 ಮಾಡಿದ್ರು. ಈ ಯೋಜನೆಯ ಈಗಿನ ಹೆಸರು 'ಎಸ್-ಸ್ಟೆಮ್'. ನಿಮ್ಮ ಊರಿನ ಕಮ್ಯುನಿಟಿ ಕಾಲೇಜಿನ ಬೋರ್ಡಿನಲ್ಲಿ ಆ ಹೆಸರು ನೋಡಿದ್ರೆ, ಅದರಲ್ಲಿ ನಿಮ್ಮ ಅರ್ಜಿಯ ದುಡ್ಡೂ ಇದೆ.

ನನಗೆ ಇದರಲ್ಲಿ ತಪ್ಪು ಕಾಣಲ್ಲ. ನಿಜ ಹೇಳಬೇಕಂದ್ರೆ ಒಳ್ಳೆ ಯೋಚನೆ. ಹೊರಗಿನವನು ಬಂದದ್ದರಿಂದ ಊರಿನ ಬಡ ಹುಡುಗಿಯೊಬ್ಬಳು ಇಂಜಿನಿಯರ್ ಆದ್ರೆ ಯಾರಿಗೇನು ನಷ್ಟ? ಆದ್ರೆ ಒಂದು ಷರತ್ತು ಓದಿ. ಆ ಸ್ಕಾಲರ್‌ಶಿಪ್ ಸಿಗೋದು ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರೋರಿಗೆ, ನಿರಾಶ್ರಿತರಿಗೆ. ಎಚ್-4 ಮೇಲಿರೋ ನಿಮ್ಮ ಮಗನಿಗೆ, ಮಗಳಿಗೆ ಇಲ್ಲ. ಒಂದೊಂದು ದೇಶಕ್ಕೆ ಶೇ. 7ರ ಮಿತಿಯಿಂದ ಭಾರತದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಾ? ನಿಮ್ಮ ಹೆಸರಿನಲ್ಲಿ ಕಟ್ಟಿದ ಫೀಸಿನಿಂದ ಪಕ್ಕದ ಮನೆಯ ಹುಡುಗ ಓದಬಹುದು, ನಿಮ್ಮ ಮನೆಯ ಹುಡುಗ ಸರದಿಯಲ್ಲಿ ನಿಂತೇ 21 ವರ್ಷ ದಾಟಿಬಿಡಬಹುದು.

ಇನ್ನು ಬೆಳಗಾವಿ. ಅದೇ 1998ರ ಏಪ್ರಿಲ್‌ನಲ್ಲಿ ಅಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾಯ್ತು, ನಾವೆಲ್ಲಾ ಹೇಳೋ ವಿಟಿಯು. ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನ ಕೆಳಗೆ ಬಂದ್ವು. ಒಂದೇ ವರ್ಷದಲ್ಲಿ ಒಂದು ಕಡೆ ಇಂಜಿನಿಯರ್‌ಗಳನ್ನ ತಯಾರು ಮಾಡೋ ವ್ಯವಸ್ಥೆ ದೊಡ್ಡದಾಯ್ತು, ಇನ್ನೊಂದು ಕಡೆ ಅವರು ಒಳಗೆ ಬಂದಾಗ ಕಟ್ಟೋ ಸುಂಕ ಯಾವ ಶಾಲೆಗೆ ಅಂತ ನಿಶ್ಚಯ ಆಯ್ತು. ಈ ಎರಡು ಪುಸ್ತಕಗಳನ್ನ ಯಾರೂ ಅಕ್ಕಪಕ್ಕ ಇಟ್ಟು ನೋಡಲಿಲ್ಲ.

ಫ್ರೀ ಸೀಟು, ಪೇಮೆಂಟ್ ಸೀಟು

ಈಗ ನಮ್ಮ ಕಡೆಯ ಪುಸ್ತಕ ತೆಗೆಯೋಣ. ಆ ಕಾಲದ ಕನ್ನಡದ ಇಂಜಿನಿಯರ್‌ಗೆ ಓದಿಸಿದ್ದು ಯಾರು?

ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳ 'ಡೊನೇಶನ್' ಹಾವಳಿ ತಡೆಯೋಕೆ 1984ರಲ್ಲೇ ಕ್ಯಾಪಿಟೇಶನ್ ಫೀ ನಿಷೇಧ ಕಾಯ್ದೆ ಬಂತು. ಅದರ ನಂತರವೂ ಜಗಳ ನಿಲ್ಲಲಿಲ್ಲ. ತುಮಕೂರಿನ ಮೆಡಿಕಲ್ ಸೀಟೊಂದರ ವಿಷಯವಾಗಿ ಹೊರರಾಜ್ಯದ ವಿದ್ಯಾರ್ಥಿನಿ ಮೋಹಿನಿ ಜೈನ್ ಸುಪ್ರೀಂ ಕೋರ್ಟ್‌ಗೆ ಹೋದ್ರು. 1992ರಲ್ಲಿ ತೀರ್ಪು ಬಂತು. ಮಾರನೇ ವರ್ಷ ಉಣ್ಣಿಕೃಷ್ಣನ್ ಪ್ರಕರಣದಲ್ಲಿ ಕೋರ್ಟು ಒಂದು ಸೂತ್ರ ಕೊಟ್ಟಿತು: ಖಾಸಗಿ ವೃತ್ತಿಶಿಕ್ಷಣ ಕಾಲೇಜಿನ ಅರ್ಧ ಸೀಟು 'ಫ್ರೀ', ಸರ್ಕಾರಿ ಕಾಲೇಜಿನ ಫೀಸಿಗೆ. ಇನ್ನರ್ಧ 'ಪೇಮೆಂಟ್', ಹೆಚ್ಚಿನ ಫೀಸಿಗೆ. ಎರಡೂ ಅಂಕದ ಮೇಲೆ. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಶುರುವಾಯ್ತು. ರ‍್ಯಾಂಕ್ ಬಂದ ದಿನದ ಪೇಪರು, ಕೌನ್ಸೆಲಿಂಗ್ ದಿನದ ಅಪ್ಪನ ಮುಖ, ಆ ತಲೆಮಾರಿನವರಿಗೆ ಇವೆರಡೂ ಮರೆಯೋದಲ್ಲ.

2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಅದೇ ಕೋರ್ಟು ಈ ಸೂತ್ರವನ್ನ ತೆಗೆದುಹಾಕ್ತು. ಒಬ್ಬ ವಿದ್ಯಾರ್ಥಿಯ ಓದಿನ ಭಾರವನ್ನ ಇನ್ನೊಬ್ಬ ವಿದ್ಯಾರ್ಥಿಯ ಮೇಲೆ ಹೊರಿಸೋದು ಸರಿಯಲ್ಲ ಅನ್ನೋದು ಅದರ ವಾದದಲ್ಲಿ ಮುಖ್ಯವಾಗಿತ್ತು.

ನೋಡಿ, ಸೂತ್ರ ಅದೇ! ಪೇಮೆಂಟ್ ಸೀಟಿನವನ ಅಪ್ಪ ಹೊಲ ಮಾರಿ ಕಟ್ಟಿದ ದುಡ್ಡು ಫ್ರೀ ಸೀಟಿನವನ ಬೆಂಚಿಗೆ ಹೋಯ್ತು. ಆ ಫ್ರೀ ಸೀಟಿನವನು ಎಚ್-1ಬಿ ತಗೊಂಡು ಹೋದಾಗ ಅವನ ಹೆಸರಿನ ಫೀಸು ಒಹಾಯೋದಲ್ಲೋ ಟೆಕ್ಸಾಸ್‌ನಲ್ಲೋ ಒಂದು ಮಗುವಿನ ಬೆಂಚಿಗೆ ಹೋಯ್ತು. ಒಬ್ಬರ ಹೆಗಲಿನಿಂದ ಒಬ್ಬರ ಹೆಗಲಿಗೆ ಹೊರೆ ದಾಟ್ತಾ ಹೋಯ್ತು. ಈ ಸಾಲಿನಲ್ಲಿ ಬಾಕಿ ಉಳಿದವರು ಯಾರು? ಹೊಲ ಮಾರಿದ ಅಪ್ಪ. ಅವನ ಊರಿನ ಸರ್ಕಾರಿ ಹೈಸ್ಕೂಲು. ಅಲ್ಲಿಗೆ ವಾಪಸ್ ಒಂದು ಪೈಸೆ ತರೋ ಸಾಲು ಯಾವ ಕಾನೂನಿನಲ್ಲೂ ಇಲ್ಲ.

ನಮ್ಮ ಸರ್ಕಾರದ ಲೆಕ್ಕವೂ ಹಾಗೇ. ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ ಆದಾಯ ತೆರಿಗೆ ಕಾಯ್ದೆಯ 10ಎ, 10ಬಿ ಸೆಕ್ಷನ್‌ಗಳಲ್ಲಿ ವಿನಾಯಿತಿ ಇತ್ತು. 2011ರ ಮಾರ್ಚ್‌ವರೆಗೆ ಅದು ನಡೀತು. ಉದ್ಯಮ ಬೆಳೆಯೋಕೆ ಅದು ಬೇಕಿತ್ತು ಅಂತ ವಾದಿಸಬಹುದು, ಬೆಳೆದದ್ದೂ ನಿಜ. ಆದ್ರೆ ಇಂಜಿನಿಯರ್‌ನ ಬಳಸಿಕೊಂಡವರು ಇಂಜಿನಿಯರ್‌ನ ತಯಾರಿಸೋ ಶಾಲೆಗೆ ಇಷ್ಟು ಕೊಡಬೇಕು ಅಂತ ಆ ವಿನಾಯಿತಿಗೆ ಗಂಟು ಹಾಕಬಹುದಿತ್ತು. ಹಾಕಲಿಲ್ಲ. 2004ರಲ್ಲಿ ಶೇ. 2ರ ಶಿಕ್ಷಣ ಸೆಸ್ ಬಂತು. ಅದನ್ನ ಎಲ್ಲಾ ತೆರಿಗೆದಾರರೂ ಕಟ್ಟಿದ್ರು. ಕಂಪನಿಗಳ ಲಾಭದಲ್ಲಿ ಶೇ. 2 ಸಮಾಜಕ್ಕೆ ಅನ್ನೋ ನಿಯಮ ಬರೋಕೆ 2013ರ ಕಂಪನಿ ಕಾಯ್ದೆ ಬೇಕಾಯ್ತು.

ಸುಂಕದಿಂದ ಗೋಡೆಗೆ

ವಾಪಸ್ ವಾಷಿಂಗ್ಟನ್‌ಗೆ. 2010ರ ಆಗಸ್ಟ್‌ನಲ್ಲಿ ಹೊಸದೊಂದು ಫೀಸು ಬಂತು. ಅಮೆರಿಕದಲ್ಲಿ 50ಕ್ಕೆ ಕಡಿಮೆಯಿಲ್ಲದಷ್ಟು ಜನ ಇದ್ದು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಎಚ್-1ಬಿ ಅಥವಾ ಎಲ್ ವೀಸಾದವರಾಗಿರೋ ಕಂಪನಿಗೆ ಎಚ್-1ಬಿ ಅರ್ಜಿಯೊಂದಕ್ಕೆ 2,000 ಡಾಲರ್ ಹೆಚ್ಚುವರಿ. ಹೆಸರು ಹೇಳದಿದ್ರೂ ಅದು ಭಾರತದ ಕಂಪನಿಗಳಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ಆ ಕಾಯ್ದೆ ಇದ್ದದ್ದೇ ಗಡಿ ಕಾವಲಿಗೆ ಹಣ ಹೊಂದಿಸೋಕೆ. 2015ರ ಕೊನೆಯಲ್ಲಿ ಅದು 4,000 ಆಯ್ತು. ಈ ಸಲ ಅದರಲ್ಲಿ ಒಂದು ಪಾಲು ಬಂದುಹೋಗೋರ ಬೆರಳಚ್ಚು, ಮುಖಚಹರೆ ದಾಖಲಿಸೋ ವ್ಯವಸ್ಥೆಗೆ. 2016ರ ಮಾರ್ಚ್‌ನಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು.

ಇದರ ನಡುವೆ 'ಐ-ಸ್ಕ್ವೇರ್ಡ್' ಅನ್ನೋ ಮಸೂದೆ ಸೆನೆಟ್‌ನಲ್ಲಿ 2013ರಲ್ಲಿ, ಮತ್ತೆ 2015ರಲ್ಲಿ ಬಂತು. ವೀಸಾ ಹೆಚ್ಚಿಸಿ, ಫೀಸು ಹೆಚ್ಚಿಸಿ, ಆ ದುಡ್ಡನ್ನ ರಾಜ್ಯಗಳ ವಿಜ್ಞಾನ, ತಂತ್ರಜ್ಞಾನ ಶಿಕ್ಷಣಕ್ಕೆ ಕೊಡಿ ಅನ್ನೋದು ಅದರ ತಿರುಳು. 1998ರ ಯೋಚನೆಯನ್ನೇ ದೊಡ್ಡದು ಮಾಡಿದ ಮಸೂದೆ. ಪಾಸಾಗಲಿಲ್ಲ.

ಬೇರೆ ಕಡೆ ಆ ಯೋಚನೆ ಬೇರು ಬಿಟ್ಟಿದೆ. ಬ್ರಿಟನ್ 2017ರ ಏಪ್ರಿಲ್‌ನಲ್ಲಿ 'ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್' ತಂತು, ದೊಡ್ಡ ಕಂಪನಿಗೆ ಒಬ್ಬ ಕೆಲಸಗಾರನಿಗೆ ವರ್ಷಕ್ಕೆ 1,000 ಪೌಂಡ್. ಆಸ್ಟ್ರೇಲಿಯಾದಲ್ಲಿ 2018ರ ಆಗಸ್ಟ್‌ನಿಂದ 'ಸ್ಕಿಲಿಂಗ್ ಆಸ್ಟ್ರೇಲಿಯನ್ಸ್ ಫಂಡ್'ನ ಲೆವಿ. ಹೆಸರಲ್ಲೇ ಇದೆ, ಯಾರಿಗೆ ಕಲಿಸೋಕೆ ಅಂತ.

ಕೊನೆಗೆ 2025ರ ಸೆಪ್ಟೆಂಬರ್ 19. ಅಮೆರಿಕದ ಅಧ್ಯಕ್ಷರ ಘೋಷಣೆ: ದೇಶದ ಹೊರಗಿರೋರಿಗೆ ಹಾಕೋ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್. ಅವತ್ತು ರಾತ್ರಿ ನಿಮ್ಮ ವಾಟ್ಸಾಪ್ ಗುಂಪುಗಳು ಹೇಗಿದ್ವು ಅಂತ ನೆನಪಿರಬೇಕು. ಎಲ್ಲರೂ ಮಾತಾಡಿದ್ದು ಮೊತ್ತದ ಬಗ್ಗೆ. ನಾನು ಹುಡುಕಿದ್ದು ಬೇರೆ. ಈ ದುಡ್ಡಿನಿಂದ ಇಷ್ಟು ಮಕ್ಕಳಿಗೆ ಸ್ಕಾಲರ್‌ಶಿಪ್, ಇಷ್ಟು ಜನಕ್ಕೆ ತರಬೇತಿ ಅನ್ನೋ ಸಾಲು ಆ ಘೋಷಣೆಯಲ್ಲಿ ಎಲ್ಲಾದ್ರೂ ಇದೆಯಾ ಅಂತ. ಇಲ್ಲ.

ನನ್ನ ಮಟ್ಟಿಗೆ ಇಡೀ ಚರಿತ್ರೆಯ ಸಾರ ಇದು. 1998ರದ್ದು ಸುಂಕ. ಕಟ್ಟಿ, ಬಾ, ನಿನ್ನ ದುಡ್ಡಿನಿಂದ ನಮ್ಮ ಮಗುವೂ ಕಲೀಲಿ ಅನ್ನೋ ಮಾತು. ಆಮೇಲಿನವು ಮೆಲ್ಲಗೆ ಗೋಡೆ ಆದವು. ಸುಂಕಕ್ಕೂ ಗೋಡೆಗೂ ಇರೋ ವ್ಯತ್ಯಾಸ ಮೊತ್ತದಲ್ಲಿ ಮಾತ್ರ ಇಲ್ಲ, ಆ ದುಡ್ಡು ಯಾರ ಓದಿಗೆ ಅಂತ ಬರೆದಿರೋ ಒಂದು ಸಾಲಿನಲ್ಲಿದೆ. 1913ರಲ್ಲಿ ಸುಂದರ ಅಯ್ಯರ್ ಕಾಯ್ದೆಯಲ್ಲಿ ಹುಡುಕಿ ತೆಗೆದದ್ದೂ ಅಂಥದೇ ಒಂದು ಸಾಲು. ಅದು ಇಲ್ಲದಿದ್ರೆ ನಿಯಮ ಗೆಲ್ತಿತ್ತು, ಗುಮಾಸ್ತ ಗುಮಾಸ್ತನಾಗೇ ಉಳೀತಿದ್ದ.

ಅಮೆರಿಕದ ಕಾನೂನು ಬದಲಿಸೋದು ನಮ್ಮ ಕೈಯಲ್ಲಿಲ್ಲ. ನಾವು ಕಳಿಸೋ ಹಣ ಅಪ್ಪ ಅಮ್ಮನ ಔಷಧಿಗೆ, ತಂಗಿ ಮದುವೆಗೆ, ಸೈಟಿಗೆ ಹೋಗುತ್ತೆ, ಹೋಗಲೇಬೇಕು. ಆದ್ರೆ ನಾವು ಓದಿದ ಶಾಲೆಗೆ, ಕಾಲೇಜಿಗೆ ಅಂತ ಒಂದು ಸಾಲು ನಮ್ಮ ಲೆಕ್ಕದ ಪುಸ್ತಕದಲ್ಲಿ ಇದೆಯಾ? ಕಾನೂನು ಬರೆಯದ ಆ ಸಾಲನ್ನ ನಾವೇ ಬರ್ಕೋಬಹುದು. ಹಾಗೆ ಬರೆದುಕೊಂಡವರ ಹೆಸರು ಆಗಲೇ ಹೇಳಿದೆ, ಎಸ್‌ಜೆಪಿಯ ಕಥೆಯಲ್ಲಿ. ಇನ್ನೊಬ್ಬರೂ ಇದ್ದಾರೆ.

1919ರ ಜನವರಿಯಲ್ಲಿ ಇಂಗ್ಲೆಂಡಿನಿಂದ ಮದ್ರಾಸ್ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್‌ಗೆ ರಾಮಾನುಜನ್ ಒಂದು ಪತ್ರ ಬರೆದ್ರು. ವಿಶ್ವವಿದ್ಯಾಲಯ ಅವರಿಗೆ ವರ್ಷಕ್ಕೆ 250 ಪೌಂಡ್ ಹೊಸದಾಗಿ ಮಂಜೂರು ಮಾಡಿತ್ತು. ಅವರಿಗೆ ಆಗ ಮೈಯಲ್ಲಿ ಹುಷಾರಿರಲಿಲ್ಲ. ಆ ಪತ್ರದ ಸಾರ ಇಷ್ಟು: ಇದು ನನಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಅಪ್ಪ ಅಮ್ಮನಿಗೆ ವರ್ಷಕ್ಕೆ 50 ಪೌಂಡ್ ಕೊಡಿ. ನನ್ನ ಖರ್ಚು ಕಳೆದು ಉಳಿದದ್ದನ್ನ ಬಡ ಹುಡುಗರ, ತಬ್ಬಲಿ ಮಕ್ಕಳ ಶಾಲಾ ಫೀಸು ಇಳಿಸೋಕೆ, ಶಾಲೆಗೆ ಪುಸ್ತಕ ಕೊಡಿಸೋಕೆ ಬಳಸಿ.

ಇವತ್ತಿಗೆ ಇಷ್ಟು. ನಿಮ್ಮದು ಫ್ರೀ ಸೀಟೋ ಪೇಮೆಂಟ್ ಸೀಟೋ, ಯಾರ ದುಡ್ಡಿನಲ್ಲಿ ಓದಿದ್ರಿ, ಬರೆದು ತಿಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.